ಅರವತ್ತರ ನಂತರ ಮತ್ತೆ ಮಣಿ ಪೋಣಿಸುವವರಿಗೆ

ನವರಾತ್ರಿ ಹತ್ತಿರವಾದಂತೆ ಬೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಪಟ್ಟದ ಬೊಂಬೆಗಳ ಜೊತೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಮಣಿ ಕೆಲಸವೂ ಹೊರಗೆ ಬರುತ್ತದೆ. ಬಾಗಿಲಿಗೆ ಕಟ್ಟುವ ಮಣಿಯ ತೋರಣ, ಜೋಡಿ ಗಿಳಿ, ಕಲಶದ ತೆಂಗಿನಕಾಯಿಗೆ ತೊಡಿಸುವ ಮಣಿಯ ಕವಚ. ಇವನ್ನು ಮಾಡಿದವರು ಯಾರು ಎಂದು ಕೇಳಿ ನೋಡಿ. ಬಹುಪಾಲು ಮನೆಗಳಲ್ಲಿ ಸಿಗುವ ಉತ್ತರ ಒಂದೇ: 'ಅಜ್ಜಿ, ಮದುವೆಗೆ ಮುಂಚೆ ಮಾಡಿದ್ದು.' ಮದುವೆಯ ನಂತರ ಯಾಕೆ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಅಡಿಗೆ, ಮಕ್ಕಳು, ಬಂದುಹೋಗುವವರು, ಇವುಗಳ ನಡುವೆ ಮಣಿಪೆಟ್ಟಿಗೆ ಅಟ್ಟ ಸೇರಿರುತ್ತದೆ.

ನನ್ನ ಬಳಿ ರಕ್ತದೊತ್ತಡಕ್ಕೆ ಚಿಕಿತ್ಸೆ ಪಡೆಯುತ್ತಿದ್ದ 64 ವರ್ಷದ ಒಬ್ಬ ತಾಯಿಯ ಮನೆಯಲ್ಲಿಯೂ ಹೀಗೆಯೇ ಟ್ರಂಕು ಇಳಿಯಿತು. ತಮ್ಮ ಮದುವೆಗೆಂದು ತಾವೇ ಹೆಣೆದಿದ್ದ ತೋರಣದ ದಾರ ಜೀರ್ಣವಾಗಿ ಒಂದು ಗಿಳಿ ಕಳಚಿಬಿದ್ದಿತ್ತು. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ್ದರು, ಕೈಯಲ್ಲಿ ಸಮಯವಿತ್ತು. ಸರಿಪಡಿಸೋಣ ಎಂದು ಉತ್ಸಾಹದಿಂದ ಕುಳಿತರು. ಸೂಜಿಗೆ ದಾರ ಪೋಣಿಸಲು ಕಾಲು ಗಂಟೆ ಹಿಡಿಯಿತು. ರಜೆಗೆ ಬಂದಿದ್ದ ಮೊಮ್ಮಗಳು 'ಅಜ್ಜೀ, ನೀವು ಹಸಿರು ಸಾಲಿನಲ್ಲಿ ನೀಲಿ ಮಣಿ ಹಾಕುತ್ತಿದ್ದೀರಿ' ಎಂದು ನಕ್ಕಳು. ಅರ್ಧ ಗಂಟೆಯಲ್ಲಿ ಬೆರಳುಗಳು ಜೋಮು ಹಿಡಿದವು. ಆಕೆ ಮಣಿಗಳನ್ನು ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿ, 'ನನ್ನ ಕಾಲ ಮುಗಿಯಿತು' ಎಂದುಕೊಂಡರು.

ಎರಡು ತಿಂಗಳ ನಂತರ ತಪಾಸಣೆಗೆ ಬಂದಾಗ ಮಾತಿನ ನಡುವೆ ಇದನ್ನು ಹೇಳಿದರು. ಎರಡು ವರ್ಷಗಳಿಂದ ಅವರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುತ್ತಿದ್ದ ನಾನು ಅದೇ ತೋಳಿನ ಕೆಳಗಿದ್ದ ಬೆರಳುಗಳ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಅಂದು ಪರೀಕ್ಷಿಸಿದಾಗ ಮೂರು ಸಂಗತಿಗಳು ಹೊರಬಿದ್ದವು. ಎರಡೂ ಕಣ್ಣುಗಳಲ್ಲಿ ಪೊರೆ ಬೆಳೆಯುತ್ತಿತ್ತು. ಮಣಿಕಟ್ಟಿನಲ್ಲಿ ನರವೊಂದು ಒತ್ತಡಕ್ಕೆ ಸಿಕ್ಕಿತ್ತು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಿರುವುದು ತಿಳಿಯಿತು. ಮೂರಕ್ಕೂ ಚಿಕಿತ್ಸೆ ಇದೆ. ಮಣಿಪೆಟ್ಟಿಗೆ ಇಳಿಯದೆ ಇದ್ದಿದ್ದರೆ ಮೂರೂ ಇನ್ನಷ್ಟು ವರ್ಷ 'ವಯಸ್ಸು' ಎಂಬ ಒಂದೇ ಹೆಸರಿನಡಿ ಅಡಗಿರುತ್ತಿದ್ದವು.

ಹಳೆಯ ಹವ್ಯಾಸಕ್ಕೆ ಮರಳುವ ಹಿರಿಯರಿಗೆ ನಾನು ಹೇಳಬಯಸುವುದು ಇಷ್ಟೆ. ಕೆಲಸ ಕೈಗೆ ಹತ್ತದಿದ್ದರೆ 'ನನ್ನಿಂದ ಆಗದು' ಎನ್ನಬೇಡಿ. 'ಯಾವ ಅಂಗದಿಂದ ಆಗುತ್ತಿಲ್ಲ?' ಎಂದು ಕೇಳಿಕೊಳ್ಳಿ.

ಕೈ ಮರೆಯುವುದಿಲ್ಲ

ನಲವತ್ತು ವರ್ಷ ಬಿಟ್ಟ ಕೆಲಸ ನೆನಪಿರುತ್ತದೆಯೇ ಎಂಬುದು ಅನೇಕರ ಅನುಮಾನ. ಇರುತ್ತದೆ. ನಮ್ಮ ನೆನಪು ಒಂದೇ ಬಗೆಯದಲ್ಲ. ಹೆಸರು, ದಿನಾಂಕ, ನಿನ್ನೆ ನಡೆದ ಮಾತು, ಇವೆಲ್ಲ ಒಂದು ಬಗೆ. ಸೈಕಲ್ ತುಳಿಯುವುದು, ರಂಗೋಲಿ ಎಳೆ ಬಿಡುವುದು, ಒಂದು ಮಣಿಯೊಳಗೆ ಎರಡು ಸೂಜಿಗಳನ್ನು ಎದುರುಬದುರಾಗಿ ದಾಟಿಸುವುದು, ಇವು ಇನ್ನೊಂದು ಬಗೆ. ಈ ಎರಡನೆಯದು ಮಿದುಳಿನ ಬೇರೆ ಭಾಗಗಳನ್ನು ಅವಲಂಬಿಸಿದೆ.

ಇದು ಸ್ಪಷ್ಟವಾಗಿ ತಿಳಿದದ್ದು ಅಮೆರಿಕದ ಒಬ್ಬ ರೋಗಿಯಿಂದ. ಹೆನ್ರಿ ಮೊಲೈಸನ್ ಎಂಬ ಆತನಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅಂದಿನಿಂದ ಹೊಸ ಸಂಗತಿ ಯಾವುದೂ ಆತನ ನೆನಪಿನಲ್ಲಿ ನಿಲ್ಲದಾಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ಮೂರು ದಿನಗಳಲ್ಲಿ ಆತನ ಕೈ ಅದನ್ನು ಚೆನ್ನಾಗಿ ಕಲಿತುಕೊಂಡಿತು. ಆದರೆ ಹಿಂದಿನ ದಿನ ಆ ಕೆಲಸ ಮಾಡಿದ್ದೇ ಆತನಿಗೆ ನೆನಪಿರಲಿಲ್ಲ! ಕೈಯ ಕಲಿಕೆ ಬೇರೆಯದೇ ದಾರಿಯಲ್ಲಿ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದ್ದರಿಂದ ಮೊದಲ ಒಂದೆರಡು ವಾರ ಕೈ ತಡವರಿಸಿದರೆ ಹೆದರಬೇಡಿ. ವಿನ್ಯಾಸವನ್ನು ಬಾಯಲ್ಲಿ ಹೇಳಲು ಬಾರದಿದ್ದರೂ ಬೆರಳಿಗೆ ಬರುತ್ತದೆ. ಬದಲಾಗಿರುವುದು ಆ ಬೆರಳಿನ ಕೀಲು, ಕಣ್ಣಿನ ಮಸೂರ, ಕತ್ತಿನ ಮೂಳೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಕಣ್ಣು

ನಲವತ್ತು ದಾಟಿದವರಿಗೆ ಚಾಳೀಸು ಬರುವುದು ಎಲ್ಲರಿಗೂ ಗೊತ್ತು. ಕಣ್ಣಿನೊಳಗಿನ ಮಸೂರ ಎಳೆಯ ವಯಸ್ಸಿನಲ್ಲಿ ಮೃದುವಾಗಿದ್ದು, ಹತ್ತಿರದ ವಸ್ತು ನೋಡುವಾಗ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಅದು ಗಡುಸಾಗಿ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. ಅರವತ್ತರ ವೇಳೆಗೆ ಈ ಶಕ್ತಿ ಬಹುಮಟ್ಟಿಗೆ ಹೋಗಿರುತ್ತದೆ.

'ಕನ್ನಡಕ ಇದೆ, ಪತ್ರಿಕೆ ಓದುತ್ತೇನೆ, ಆದರೂ ಮಣಿ ಕಾಣುವುದಿಲ್ಲ' ಎನ್ನುವವರು ಬಹಳ ಮಂದಿ. ಇದಕ್ಕೆ ಸರಳ ಕಾರಣವಿದೆ. ದೂರದ ನೋಟ ಸರಿಯಿರುವ ಹಿರಿಯರಿಗೆ ಓದಲು ಸಾಮಾನ್ಯವಾಗಿ ಪ್ಲಸ್ 2.5ರ ಕನ್ನಡಕ ಕೊಡುತ್ತಾರೆ. ಅದರಿಂದ ಸುಮಾರು 40 ಸೆಂಟಿಮೀಟರ್ ದೂರದ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಮಣಿ ಕೆಲಸ ಮಾಡುವಾಗ ನಾವು ಕೈಯನ್ನು 25ರಿಂದ 30 ಸೆಂಟಿಮೀಟರ್‌ಗೆ ತರುತ್ತೇವೆ. ಅಲ್ಲಿ ಆ ಕನ್ನಡಕ ಸಾಲದು. ಇದಕ್ಕೆ ಒಂದು ಉಪಾಯ ಮಾಡಿ. ಮಣಿ ಕೆಲಸಕ್ಕೆ ನಿಮಗೆ ಅನುಕೂಲವಾಗುವಂತೆ ಕುಳಿತುಕೊಂಡು, ಕಣ್ಣಿನಿಂದ ಕೈಗೆ ಎಷ್ಟು ದೂರ ಎಂದು ಮನೆಯವರಿಂದ ಒಂದು ದಾರದಲ್ಲಿ ಅಳತೆ ಮಾಡಿಸಿ. ಆ ದಾರವನ್ನು ನೇತ್ರ ವೈದ್ಯರ ಬಳಿಗೆ ಒಯ್ದು, 'ಇಷ್ಟು ದೂರಕ್ಕೆ ಕನ್ನಡಕ ಬೇಕು' ಎಂದು ಹೇಳಿ. ಈ ಕೆಲಸಕ್ಕೇ ಪ್ರತ್ಯೇಕ ಕನ್ನಡಕ ಇರಲಿ. ಅದನ್ನು ಹಾಕಿಕೊಂಡು ನಡೆಯಬೇಡಿ, ಮೆಟ್ಟಿಲು ಇಳಿಯಬೇಡಿ.

ಎರಡನೆಯದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಹುಡುಗಿಯ ಕಣ್ಣಿನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅರವತ್ತರ ಅಜ್ಜಿಯ ಕಣ್ಣಿಗೆ ದಕ್ಕುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನ ಬೆಳಕಲ್ಲಿ ಕುಳಿತರೆ ನಿಮ್ಮ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. ಹಗಲಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು ಎಂದು ಹಿರಿಯರು ಹೇಳುತ್ತಿದ್ದುದನ್ನು ಕಣ್ಣಿನ ದೃಷ್ಟಿಯಿಂದಲೂ ಒಪ್ಪಬಹುದು. ರಾತ್ರಿ ಮಾಡಲೇಬೇಕೆಂದರೆ ಮೇಜಿನ ದೀಪವನ್ನು ಬಲಗೈಯವರು ಎಡಕ್ಕೆ, ಎಡಗೈಯವರು ಬಲಕ್ಕೆ ಇಟ್ಟುಕೊಳ್ಳಲಿ. ಬೆಳಕು ಕೈಮೇಲೆ ಬೀಳಬೇಕೇ ಹೊರತು ಕಣ್ಣಿಗೆ ಹೊಡೆಯಬಾರದು.

ಮೂರನೆಯದು ಬಣ್ಣ. ಹಳದಿಯಾದ ಮಸೂರ ನೀಲಿ ಬೆಳಕನ್ನು ಹೆಚ್ಚಾಗಿ ತಡೆಯುತ್ತದೆ. ಕಡುನೀಲಿ ಕಪ್ಪಿನಂತೆ, ನೀಲಿ ಹಸಿರಿನಂತೆ ಕಾಣಬಹುದು. ಮೊಮ್ಮಗಳು ನಕ್ಕಿದ್ದಕ್ಕೆ ಕಾರಣ ಇದೇ. ಬಣ್ಣ ಮಾಸಿದಂತೆ ಕಾಣುವುದು, ದೀಪದ ಸುತ್ತ ಪ್ರಭೆ ಕಾಣುವುದು, ಕನ್ನಡಕದ ಪವರ್ ಪದೇ ಪದೇ ಬದಲಾಗುವುದು, ಇವು ಪೊರೆಯ ಲಕ್ಷಣಗಳಾಗಿರಬಹುದು.

'ಪೊರೆ ಪೂರ್ತಿ ಬಲಿಯಲಿ, ಆಮೇಲೆ ನೋಡೋಣ' ಎಂಬ ಮಾತು ಇನ್ನೂ ಕೇಳಿಬರುತ್ತದೆ. ಡಾ. ಎಂ.ಸಿ. ಮೋದಿಯವರು ಊರೂರುಗಳಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳಬೇಕಾಗುತ್ತಿತ್ತು. ಆಗ ಕಾಯುವುದಕ್ಕೆ ಅರ್ಥವಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರ ಕೂರಿಸುತ್ತಾರೆ. ನಿಮ್ಮ ನಿತ್ಯದ ಕೆಲಸಕ್ಕೆ, ಪ್ರೀತಿಯ ಕೆಲಸಕ್ಕೆ ತೊಂದರೆಯಾಗತೊಡಗಿದ್ದೇ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸಲು ಸಾಕಷ್ಟು ಕಾರಣ. ಬಲಿಯುವವರೆಗೆ ಕಾಯಬೇಕಾಗಿಲ್ಲ. ವೈದ್ಯರಿಗೆ 'ಮಂಜಾಗಿದೆ' ಎಂದಷ್ಟೇ ಹೇಳದೆ, 'ಮಣಿಯ ಬಣ್ಣ ತಿಳಿಯುತ್ತಿಲ್ಲ' ಎಂದು ಹೇಳಿ. ತಪಾಸಣೆಗೆ ಹೋದಾಗ ಕಣ್ಣಿನ ಒತ್ತಡವನ್ನೂ ನೋಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಅಕ್ಷಿಪಟಲವನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು.

ಬೆರಳು ಮತ್ತು ಮಣಿಕಟ್ಟು

ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಸೂಜಿ ಹಿಡಿಯುತ್ತೇವೆ. ನೋವು ಬರುವುದು ಮಾತ್ರ ಹೆಬ್ಬೆರಳಿನ ಬುಡದಲ್ಲಿ. ತುದಿಯಲ್ಲಿ ಒಂದು ಕಿಲೋ ಬಲದಿಂದ ಚಿವುಟಿ ಹಿಡಿದರೆ ಬುಡದ ಕೀಲಿನ ಮೇಲೆ ಸುಮಾರು ಹನ್ನೆರಡು ಪಟ್ಟು ಬಲ ಬೀಳುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಈ ಕೀಲಿನ ಸವೆತ ಸಾಮಾನ್ಯ. ಡಬ್ಬದ ಮುಚ್ಚಳ ತೆರೆಯುವಾಗ, ಬೀಗದ ಕೈ ತಿರುಗಿಸುವಾಗ ಅಲ್ಲಿ ನೋವು ಕಂಡರೆ ಇದನ್ನು ಶಂಕಿಸಬಹುದು. ಪರಿಹಾರ ಕೆಲಸ ಬಿಡುವುದಲ್ಲ, ಹಿಡಿತ ಸಡಿಲಿಸುವುದು. ಕೆಲಸವನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿಯುವ ಬದಲು ಕಸೂತಿಯ ಚೌಕಟ್ಟಿಗೆ ಅಥವಾ ದಿಂಬಿಗೆ ಸಿಕ್ಕಿಸಿ. ಇಕ್ಕಳದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಬೆಳಗಿನ ಬಿಗಿತಕ್ಕೆ ಐದು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಕೈ ಇಟ್ಟು ನಿಧಾನವಾಗಿ ಮುಷ್ಟಿ ಕಟ್ಟಿ ಬಿಡಿಸಿ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಮೊದಲು ಮೊಣಕೈಯಿಂದ ನೋಡಿಕೊಳ್ಳಬೇಕು. ಅವರ ಬೆರಳಿಗೆ ಬಿಸಿ ಸರಿಯಾಗಿ ತಿಳಿಯದೆ ಇರಬಹುದು.

ಜೋಮು ಬೇರೆಯ ಸಂಗತಿ. ಮಣಿಕಟ್ಟಿನ ಒಳಭಾಗದಲ್ಲಿ ಮೂಳೆ ಮತ್ತು ತಂತುಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಅದರೊಳಗೆ ಸಾಗುವ ನರದ ಮೇಲೆ ಒತ್ತಡ ಬಿದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಏನೂ ಆಗುವುದಿಲ್ಲ. ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವುದು ಇದರ ಗುರುತು. ಇದಕ್ಕೆ ಕಾರ್ಪಲ್ ಟನೆಲ್ ಸಿಂಡ್ರೋಮ್ ಎಂದು ಹೆಸರು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಇದು ಹೆಚ್ಚು. ಆರಂಭದಲ್ಲಿ ರಾತ್ರಿ ಹೊತ್ತು ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಂಡರೆ, ಮೂಲ ಕಾಯಿಲೆಗೆ ಔಷಧ ತೆಗೆದುಕೊಂಡರೆ ಅನೇಕರಿಗೆ ಗುಣ ಕಾಣುತ್ತದೆ. ಹೆಬ್ಬೆರಳಿನ ಬುಡದ ಮಾಂಸಖಂಡ ಕರಗುವವರೆಗೆ ಬಿಟ್ಟರೆ ಹಿಡಿತವೇ ಹೋಗಬಹುದು. ಕೈಯಿಂದ ಸೂಜಿ, ಮಣಿ ಪದೇ ಪದೇ ಜಾರುತ್ತಿದ್ದರೆ ತಡಮಾಡಬೇಡಿ.

ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು 'ಟಕ್' ಎಂದು ಬಿಡಿಸಿಕೊಳ್ಳುವುದೂ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಇದಕ್ಕೂ ಚಿಕಿತ್ಸೆ ಇದೆ.

ಕೈ ನಡುಗಿದರೆ

ಕೈ ನಡುಗಿದರೆ ಪಾರ್ಕಿನ್ಸನ್ಸ್ ಕಾಯಿಲೆಯೇ ಎಂದು ಹಲವರು ಕಂಗಾಲಾಗುತ್ತಾರೆ. ಸೂಜಿ ಹಿಡಿದಾಗ, ಲೋಟ ಎತ್ತಿದಾಗ ಮಾತ್ರ ಎರಡೂ ಕೈ ನಡುಗುವುದು ಬಹಳ ಸಲ ಬೇರೆ ಬಗೆಯ ನಡುಕ. ಅದು ಮನೆತನದಲ್ಲಿ ಬರುವುದೂ ಉಂಟು. ಥೈರಾಯ್ಡ್ ಹೆಚ್ಚಾದಾಗ, ಕೆಲವು ಉಬ್ಬಸದ ಔಷಧಗಳಿಂದ, ಅತಿಯಾದ ಕಾಫಿಯಿಂದಲೂ ಕೈ ನಡುಗುತ್ತದೆ. ಪಾರ್ಕಿನ್ಸನ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ, ಮೊದಲು ಒಂದೇ ಬದಿಯಲ್ಲಿ ನಡುಕ ಕಾಣಿಸುತ್ತದೆ. ಜೊತೆಗೆ ಚಲನೆ ನಿಧಾನವಾಗುತ್ತದೆ, ಬರವಣಿಗೆಯ ಅಕ್ಷರ ಚಿಕ್ಕದಾಗುತ್ತ ಹೋಗುತ್ತದೆ. ಯಾವುದೇ ಹೊಸ ನಡುಕವನ್ನು ವೈದ್ಯರಿಗೆ ತೋರಿಸಿ. ನೀವೇ ನಿರ್ಧಾರ ಮಾಡಿಕೊಂಡು ಕೊರಗಬೇಡಿ.

ಒಂದು ಎಚ್ಚರಿಕೆ. ಇದ್ದಕ್ಕಿದ್ದಂತೆ ಒಂದು ಕೈ ಸೋತು ಮಣಿ ಬಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. 'ಸ್ವಲ್ಪ ಮಲಗಿದರೆ ಸರಿಹೋಗುತ್ತದೆ' ಎನ್ನದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಬೇಗ ಕೊಟ್ಟಷ್ಟೂ ಲಾಭ ಹೆಚ್ಚು.

ಕೂರುವ ರೀತಿ

ಹದಿನೆಂಟರಲ್ಲಿ ಚಾಪೆಯ ಮೇಲೆ ಕುಳಿತು ಮಣಿ ಪೋಣಿಸಿದ ನೆನಪಿನಿಂದ ಈಗಲೂ ನೆಲಕ್ಕೆ ಕೂರಬೇಡಿ. ತಲೆಯ ತೂಕ ಸುಮಾರು ಐದು ಕಿಲೋ. ಕತ್ತು ಬಗ್ಗಿಸಿದಷ್ಟೂ ಅದನ್ನು ಹೊರುವ ಸ್ನಾಯುಗಳ ಮೇಲೆ ಭಾರ ಹೆಚ್ಚುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಪಾದ ನೆಲಕ್ಕೆ ಊರಿ, ಮೊಣಕೈಗಳನ್ನು ಮೇಜಿನ ಮೇಲಿಡಿ. ಕತ್ತು ಕೆಲಸದ ಕಡೆಗೆ ಬಾಗುವ ಬದಲು ದಿಂಬಿನ ಮೇಲಿಟ್ಟ ತಟ್ಟೆಯಿಂದ ಕೆಲಸವೇ ಕಣ್ಣಿನ ಕಡೆಗೆ ಏರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಕಿಟಕಿಯಾಚೆ ದೂರ ನೋಡಿ, ಕಣ್ಣು ಮಿಟುಕಿಸಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಮಣಿ ಕೆಲಸ ಸಂಜೆಯ ನಡಿಗೆಗೆ ಬದಲಿಯಲ್ಲ ಎಂಬುದನ್ನು ಮರೆಯಬೇಡಿ.

ಆರಂಭಕ್ಕೆ ಕೆಲವು ಸುಲಭ ಕ್ರಮಗಳು

1. ದೊಡ್ಡ ಮಣಿಯಿಂದ ಆರಂಭಿಸಿ. ಅಂಗಡಿಯಲ್ಲಿ ಸಣ್ಣ ಗಾಜಿನ ಮಣಿಗೆ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ಮಣಿ ಚಿಕ್ಕದು. 11ರ ಮಣಿ ಸುಮಾರು 2 ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು. 8ರ ಮಣಿ ಸುಮಾರು 3 ಮಿಲಿಮೀಟರ್. ಒಂದು ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೂ ಬೆರಳಿಗೂ ಬಹಳ ದೊಡ್ಡದು.

2. ಸೂಜಿಯ ಕಣ್ಣಿನ ಹಿಂದೆ ಬಿಳಿ ಕಾಗದ ಹಿಡಿದು, ದಾರದ ತುದಿಯನ್ನು ಓರೆಯಾಗಿ ಕತ್ತರಿಸಿ ಪೋಣಿಸಿ. ನಡುವೆ ಉದ್ದಕ್ಕೂ ಸೀಳಿರುವ ಮಣಿ ಸೂಜಿಗಳೂ ಸಿಗುತ್ತವೆ. ಅವುಗಳಲ್ಲಿ ದಾರ ಪೋಣಿಸುವುದು ಸುಲಭ.

3. ತಟ್ಟೆಯಲ್ಲಿ ಒಂದು ಟವೆಲ್ ಹಾಸಿ ಅದರ ಮೇಲೆ ಮಣಿ ಸುರಿಯಿರಿ. ಮಣಿ ಉರುಳುವುದಿಲ್ಲ. ಕಡುಬಣ್ಣದ ಮಣಿಗೆ ಬಿಳಿ ಟವೆಲ್, ತಿಳಿಬಣ್ಣದ ಮಣಿಗೆ ಕಡುಬಣ್ಣದ್ದು.

4. ಬಣ್ಣಗಳನ್ನು ಹಗಲಿನಲ್ಲೇ ಬೇರ್ಪಡಿಸಿ, ಡಬ್ಬಗಳ ಮೇಲೆ ದಪ್ಪ ಅಕ್ಷರದಲ್ಲಿ ಬಣ್ಣದ ಹೆಸರು ಬರೆದಿಡಿ.

5. ದಾರವನ್ನು ಹಲ್ಲಿನಿಂದ ಕಚ್ಚುವುದು, ಸೂಜಿಯನ್ನು ತುಟಿಯಲ್ಲಿ ಹಿಡಿಯುವುದು ಹಳೆಯ ಅಭ್ಯಾಸ. ಅದನ್ನು ಮಾತ್ರ ಮರಳಿ ತರಬೇಡಿ.

6. ಮೊದಲ ವಾರ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮರುದಿನ ನೋವಿಲ್ಲದಿದ್ದರೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ.

ಮನೆಯವರಿಗೆ ಎರಡು ಮಾತು

ಮಣಿ ಇರುವ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎಚ್ಚರ ಬೇಕು. ಮಕ್ಕಳು ಮಣಿಯನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ, ನುಂಗುತ್ತಾರೆ. ಶ್ವಾಸನಾಳಕ್ಕೆ ಹೋದರೆ ಪ್ರಾಣಾಪಾಯ. ಮೂಗು, ಕಿವಿಯಲ್ಲಿ ಸಿಕ್ಕಿದ ಮಣಿಯನ್ನು ಪಿನ್ನಿನಿಂದ ಕೆದಕಬೇಡಿ, ವೈದ್ಯರ ಬಳಿಗೆ ಒಯ್ಯಿರಿ. ಇನ್ನೊಂದು ಅಪಾಯವನ್ನು ಯಾರೂ ಯೋಚಿಸುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ನೆಲದ ಮೇಲೆ ಬಿದ್ದ ಸೂಜಿ ತುಳಿದರೂ ಅವರಿಗೆ ತಿಳಿಯುವುದಿಲ್ಲ. ಆ ಗಾಯ ಕೀವಾಗಿ ಪಾದಕ್ಕೇ ಕುತ್ತು ತರಬಹುದು. ಕೆಲಸ ಮುಗಿದಾಗ ಸೂಜಿಗಳನ್ನು ಎಣಿಸಿ ಇಡಿ. ಕೆಲಸ ಮಾಡಿದ ಜಾಗದ ಮೇಲೆ ಒಂದು ಅಯಸ್ಕಾಂತ ಆಡಿಸಿದರೆ ಬಿದ್ದ ಸೂಜಿ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಮನೆಯೊಳಗೂ ಚಪ್ಪಲಿ ಧರಿಸಲಿ.

ಎರಡನೆಯ ಮಾತು ನಗುವಿನ ಬಗ್ಗೆ. 'ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ತೋರಣ ಸಿಗುತ್ತದೆ, ಯಾಕೆ ಕಣ್ಣು ಹಾಳುಮಾಡಿಕೊಳ್ಳುತ್ತೀರಿ?' ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಸೂಕ್ಷ್ಮ ಕೆಲಸದಿಂದ ಕಣ್ಣು ದಣಿಯುತ್ತದೆ, ಹಾಳಾಗುವುದಿಲ್ಲ. ಆಕೆಗೆ ಬೇಕಾಗಿರುವುದು ತೋರಣವಲ್ಲ, ತೋರಣ ಕಟ್ಟುವ ಕೆಲಸ.

ಇದರಿಂದ ಲಾಭವೇನು?

ಹವ್ಯಾಸ ಇಟ್ಟುಕೊಂಡ ಹಿರಿಯರ ಮೇಲೆ ಒಂದು ದೊಡ್ಡ ಅಧ್ಯಯನ 2023ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 16 ದೇಶಗಳ, 65 ದಾಟಿದ 93,263 ಜನರ ಮಾಹಿತಿ ಅದರಲ್ಲಿತ್ತು. ಹವ್ಯಾಸವಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆ ಇದ್ದವು, ಬಾಳಿನ ಬಗ್ಗೆ ತೃಪ್ತಿ ಹೆಚ್ಚಿತ್ತು. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2015ರಲ್ಲಿ, 85 ದಾಟಿದ 256 ಜನರ ಅಧ್ಯಯನದಲ್ಲಿ, ನಡುವಯಸ್ಸಿನಲ್ಲೂ ಮುಪ್ಪಿನಲ್ಲೂ ಕರಕುಶಲ ಕೆಲಸ ಮಾಡುತ್ತಿದ್ದವರಲ್ಲಿ ಮರೆವಿನ ಆರಂಭದ ತೊಂದರೆಗಳು ಕಡಿಮೆ ಎಂದು ಕಂಡರು.

ಇದನ್ನು ಓದಿ 'ಮಣಿ ಪೋಣಿಸಿದರೆ ಮರೆವು ಬರುವುದಿಲ್ಲ' ಎಂದು ತಿಳಿಯಬೇಡಿ. ಮಿದುಳು ಕುಂದತೊಡಗಿದವರು ಮೊದಲು ಕೈಬಿಡುವುದೇ ಇಂಥ ಕೆಲಸವನ್ನು ಇರಬಹುದು. ಮಣಿ ಔಷಧವಲ್ಲ. ಆದರೆ ಎಣಿಸುವುದು, ವಿನ್ಯಾಸ ಹಿಡಿದಿಡುವುದು, ತಪ್ಪಿದ ಸಾಲು ಬಿಚ್ಚಿ ಮತ್ತೆ ಕಟ್ಟುವುದು, ನಾಳೆಗೆ ಇಷ್ಟು ಕೆಲಸ ಉಳಿದಿದೆ ಎಂದುಕೊಂಡು ಮಲಗುವುದು, ಇವು ಒಂಟಿಯಾದ ಮಧ್ಯಾಹ್ನಗಳಿಗೆ ಒಂದು ಆಕಾರ ಕೊಡುತ್ತವೆ. ಅಷ್ಟು ಲಾಭವನ್ನು ನಾನು ನನ್ನ ರೋಗಿಗಳಲ್ಲಿಯೇ ಕಂಡಿದ್ದೇನೆ.

ಮೊದಲು ಹೇಳಿದ ತಾಯಿಗೆ ಥೈರಾಯ್ಡ್ ಮಾತ್ರೆ ಆರಂಭವಾಯಿತು. ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡರು. ಒಂದೊಂದಾಗಿ ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡರು. ಮೊದಲ ಕಣ್ಣಿನ ಚಿಕಿತ್ಸೆಯಾದ ಮೇಲೆ ಬಂದವರು, 'ಡಾಕ್ಟ್ರೇ, ನನ್ನ ತೋರಣದಲ್ಲಿ ಇಷ್ಟು ನೀಲಿ ಇತ್ತೆಂದು ನನಗೇ ಮರೆತಿತ್ತು' ಎಂದರು. ಜೋಮು ಪೂರ್ತಿ ಹೋಗಿಲ್ಲ. ಒಂದು ಗಂಟೆಗಿಂತ ಹೆಚ್ಚು ಕೂರಲು ಈಗಲೂ ಆಗುವುದಿಲ್ಲ. ಸಾಸಿವೆಯಂಥ ಮಣಿ ಬಿಟ್ಟು ದೊಡ್ಡ ಮಣಿ ಹಿಡಿದಿದ್ದಾರೆ. ಮರುವರ್ಷದ ನವರಾತ್ರಿಗೆ ತೋರಣದ ಒಂದು ಬದಿಯಲ್ಲಿ ಹದಿನೆಂಟರ ಹುಡುಗಿ ಮಾಡಿದ ಗಿಳಿ, ಇನ್ನೊಂದು ಬದಿಯಲ್ಲಿ ಅರವತ್ತೈದರ ಅಜ್ಜಿ ಮಾಡಿದ, ತುಸು ದಪ್ಪನೆಯ ಗಿಳಿ ತೂಗಾಡುತ್ತಿದ್ದವಂತೆ.

ನಿಮ್ಮ ಮನೆಯ ಅಟ್ಟದಲ್ಲಿ ಏನಿದೆ? ಮಣಿಯೇ ಆಗಬೇಕಾಗಿಲ್ಲ. ಕಸೂತಿಯ ಚೌಕಟ್ಟು, ಹಾರ್ಮೋನಿಯಂ, ಚಿತ್ರದ ಕುಂಚ, ಯಾವುದಾದರೂ ಸರಿ. ಈ ಭಾನುವಾರ ಕೆಳಗಿಳಿಸಿ, ಧೂಳು ಒರೆಸಿ, ಹಿರಿಯರ ಕೈಗೆ ಕೊಡಿ. ಅವರ ಕೈ ಎಲ್ಲಿ ತಡೆಯುತ್ತದೆ ಎಂದು ಪಕ್ಕದಲ್ಲಿ ಕುಳಿತು ನೋಡಿ. ಹಾಗೆ ತಡೆದ ಜಾಗವನ್ನು ಮುಂದಿನ ಸಲ ವೈದ್ಯರ ಬಳಿ ಹೋದಾಗ ತಪ್ಪದೆ ಹೇಳಿ.